ಬಾವಿಳಿಯುವ ದಿನಗಳು

ಸ್ತನಭಾರವು ಕವಿಗಳಿಗೆ ವರ್ಣನೆಯ ವಸ್ತು. ಹೊರುವವಳಿಗೆ ಅದು ಕೇವಲ ಭಾರ. ಹೆಗಲಿನಲ್ಲಿ ಒಳಉಡುಪಿನ ಪಟ್ಟಿಯು ಕೊರೆದ ಗೆರೆ, ಎಡೆಬಿಡದ ಕುತ್ತಿಗೆನೋವು, ಬೇಸಗೆಯಲ್ಲಿ ಮಡಿಕೆಯೊಳಗೆ ಏಳುವ ಕೆಂಪು ಗಂದೆ, ಇವನ್ನೆಲ್ಲ ಇಪ್ಪತ್ತು ವರ್ಷ ಸಹಿಸಿದ ಧಾರವಾಡದ ಉಪಾಧ್ಯಾಯಿನಿಯೊಬ್ಬಳು ತನ್ನ 46ನೆಯ ವಯಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಸ್ತನಗಳನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡಳು. ನೆರೆಹೊರೆಗೆ ‘ಸಣ್ಣದೊಂದು ಆಪರೇಶನ್’ ಎಂದಷ್ಟೇ ತಿಳಿಯಿತು. ಗಂಡನೂ ಅದರ ಹೆಸರನ್ನು ಬಾಯಿಬಿಟ್ಟು ಹೇಳಲಾರದವನಾಗಿದ್ದನು. ಈ ಸಂಕೋಚವೇ ಒಂದು ರಾತ್ರಿ ದೊಡ್ಡ ಅನರ್ಥಕ್ಕೆ ಕಾರಣವಾಗುವುದರಲ್ಲಿತ್ತು.

ಕತ್ತಿ ತಾಕಿದ ಅಂಗವು ಬಾತುಕೊಳ್ಳದೆ ಇರದು. ಗಾಯವಾದೆಡೆಯಲ್ಲಿ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಅವುಗಳ ಗೋಡೆ ಸಡಿಲಾಗುವುದರಿಂದ, ರಕ್ತದ ನೀರು ಸುತ್ತಲೂ ಜಿನುಗುವುದು. ನಾಳದೊಳಗಿನ ಒತ್ತಡವು ನೀರನ್ನು ಹೊರಕ್ಕೆ ದೂಡುವುದೆಂದೂ ರಕ್ತದಲ್ಲಿಯ ಪ್ರೋಟೀನು ಅದನ್ನು ಒಳಕ್ಕೆ ಸೆಳೆಯುವುದೆಂದೂ 1896ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗನೆಂಬ ಇಂಗ್ಲಿಷ್ ಶರೀರಶಾಸ್ತ್ರಜ್ಞನು ತೋರಿಸಿಕೊಟ್ಟನು. ಗಾಯವು ಈ ತಕ್ಕಡಿಯನ್ನು ಹೊರಗಡೆಗೆ ವಾಲಿಸುತ್ತದೆ. ಸೋರಿದ್ದನ್ನು ಮರಳಿ ಒಯ್ಯತಕ್ಕ ದುಗ್ಧರಸನಾಳಗಳಲ್ಲಿಯೂ ಕೆಲವು ಅದೇ ಶಸ್ತ್ರದಿಂದ ತುಂಡಾಗಿರುವುವು. ಆದುದರಿಂದಲೇ ಈ ಬಾವು ಮೊದಲ ಎರಡು ಮೂರು ದಿನ ಏರಿ, ಕೆಲವು ವಾರಗಳಲ್ಲಿ ಬಹುಪಾಲು ಇಳಿದು, ಉಳಿದುದು ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ, ಎಳೆಯುತ್ತದೆ.

ಆಕೆ ಮನೆಗೆ ಬಂದುದು ಶಸ್ತ್ರಕ್ರಿಯೆಯ ಮರುದಿನ. ಆ ರಾತ್ರಿ ಎಡಗಡೆ ಮಾತ್ರ ಗಂಟೆಗಂಟೆಗೆ ಉಬ್ಬುತ್ತ, ಚರ್ಮವು ಬಿಗಿದು ನೇರಿಳೆಬಣ್ಣಕ್ಕೆ ತಿರುಗಿ, ಮಾತ್ರೆಗೂ ಜಗ್ಗದ ನೋವು ಹುಟ್ಟಿತು. ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಮೆಲ್ಲನೆ ಬಾತುಕೊಳ್ಳುವುದು ಸಹಜ; ಒಂದೇ ಕಡೆ ಬೇಗಬೇಗನೆ ಉಬ್ಬುವುದು ಒಳಗೆ ರಕ್ತ ಕಟ್ಟಿಕೊಳ್ಳುತ್ತಿರುವುದರ ಗುರುತು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಇದು ಸ್ಪಷ್ಟವಾಗಿಯೇ ಇತ್ತು. ಆದರೂ ಗಂಡನು ಫೋನನ್ನು ಕೈಯಲ್ಲಿ ಹಿಡಿದು, ಅತ್ತ ಕಡೆಯವರಿಗೆ ಏನೆಂದು ಹೇಳುವುದೆಂದು ತಡೆಯುತ್ತಿದ್ದನು; ಆಕೆಯೂ ಮುಂಜಾನೆಯವರೆಗೆ ನೋಡೋಣವೆಂದಳು. ಆಗ ಎಪ್ಪತ್ತು ದಾಟಿದ ಅತ್ತೆಯವರು ಎದ್ದು ಬಂದು ಮಗನನ್ನು ಗದರಿಸಿದರು: “ಕಾಲು ಮುರಿದಿದ್ರ ಊರಿಗೆಲ್ಲಾ ಹೇಳತಿದ್ದಿಲ್ಲೇನು? ಇದಕ್ಕ ಯಾಕ ನಾಚಿಕಿ? ಮೊದಲ ಫೋನ್ ಹಚ್ಚು.” ಅದೇ ರಾತ್ರಿ ಹುಬ್ಬಳ್ಳಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ತೆಗೆದು, ಸೋರುತ್ತಿದ್ದ ನಾಳವನ್ನು ಮುಚ್ಚಿದರು. ಬೆಳಗಿನವರೆಗೆ ಕಾದಿದ್ದರೆ, ಆ ಒತ್ತಡದಿಂದ ಮೊಲೆತೊಟ್ಟಿಗೆ ಹೋಗುವ ರಕ್ತವೇ ನಿಂತುಹೋಗುವ ಭಯವಿತ್ತು.

ಇಂಥ ಧೈರ್ಯದ ಅತ್ತೆಯವರು ಪಥ್ಯದ ವಿಷಯದಲ್ಲಿ ಮಾತ್ರ ಹಳಬರೇ. ಬದನೆಕಾಯಿ ನಂಜು, ಬೇಳೆ ನಂಜು, ಕುಡಿದ ನೀರೆಲ್ಲ ಬಾವಿಗೇ ಸೇರುವುದು ಎಂದು, ಬಾಣಂತಿಗೆ ಹೇಳತಕ್ಕುದನ್ನೆಲ್ಲ ಸೊಸೆಗೂ ಹೇಳಿದರು. ಈ ಮಾತಿನಲ್ಲಿ ಪ್ರೀತಿಯಿದೆ, ತಿರುಳಿಲ್ಲ. ಗಾಯ ಕೂಡುವುದಕ್ಕೆ ಬೇಕಾದುದೇ ಪ್ರೋಟೀನು. ಬೇಳೆ, ಹೆಸರುಕಾಳು, ಹಾಲು, ಮೊಸರುಗಳನ್ನು ಬಿಟ್ಟರೆ ಅದು ಎಲ್ಲಿಂದ ಬಂದೀತು? ಮೈಯಲ್ಲಿ ನೀರನ್ನು ತಡೆದಿಡುವುದು ಉಪ್ಪೇ ಹೊರತು ಬಾಯಾರಿಕೆಗೆ ಕುಡಿದ ನೀರಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಪಥ್ಯವೆಂದು ಬರಿಯ ಅನ್ನಕ್ಕೆ ಉಪ್ಪಿನಕಾಯಿಯನ್ನೂ ಹಪ್ಪಳವನ್ನೂ ಬಡಿಸುವ ಮನೆಯಲ್ಲಿ, ಬಾವು ಇಳಿಯಲಿಲ್ಲವೆಂದು ಬದನೆಕಾಯನ್ನು ದೂರುವುದು ನ್ಯಾಯವಲ್ಲ!

ಕಾವು ಕೊಡುವ ವಿಷಯವಾದರೋ ನಗತಕ್ಕುದಲ್ಲ. ಶಸ್ತ್ರದಿಂದ ಸ್ಪರ್ಶದ ನರಗಳು ಮರಗಟ್ಟಿರುವುದರಿಂದ, ಬಿಸಿನೀರಿನ ಚೀಲ ಸುಟ್ಟರೂ ತಿಳಿಯದು. ಬರ್ಫವನ್ನು ನೇರವಾಗಿಟ್ಟರೂ ಚರ್ಮ ಕೆಡುವುದು. ವೈದ್ಯರು ಒಪ್ಪಿದರೆ ಮಾತ್ರ, ಬಟ್ಟೆಯಲ್ಲಿ ಸುತ್ತಿದ ತಂಪನ್ನು ಬಗಲಿನ ಕಡೆಗೆ ತುಸು ಹೊತ್ತು ಇಡಬಹುದು. ಮೊಲೆತೊಟ್ಟಿನ ಮೇಲೆ ಸರ್ವಥಾ ಕೂಡದು. ಅರಿಸಿನ ಬೆರೆಸಿದ ಎಣ್ಣೆಯನ್ನೂ ಅತ್ತೆಯವರು ಬಟ್ಟಲಲ್ಲಿ ತಂದಿದ್ದರು. ಗಾಯ ಮಾಯುವವರೆಗೆ ಅದು ಅಡಿಗೆಮನೆಯಲ್ಲಿಯೇ ಉಳಿಯಿತು.

ನೀರು ಇಳಿಜಾರನ್ನರಸುವುದರಿಂದ, ಆಕೆ ಬೆನ್ನಿಗೆ ದಿಂಬುಗಳನ್ನಿಟ್ಟು ಅರ್ಧ ಕುಳಿತಂತೆ, ಅಂಗಾತನೆಯೇ ಮಲಗಬೇಕಾಯಿತು. ತಂತಿಯಿಲ್ಲದ, ಮುಂದುಗಡೆ ಕೊಕ್ಕೆಯಿರುವ ಉಡುಪನ್ನು ಆರು ವಾರ ಹಗಲಿರುಳೂ ತೊಟ್ಟಳು. ಅದು ಆತುಕೊಳ್ಳಬೇಕು, ಹಿಂಡಬಾರದು. ಚರ್ಮದಲ್ಲಿ ಆಳವಾದ ಗೆರೆ ಮೂಡಿದರೆ ಬಿಗಿ ಹೆಚ್ಚಾಯಿತೆಂದೇ ತಿಳಿಯಬೇಕು. ಮೊದಲ ದಿನದಿಂದಲೇ ಪಡಸಾಲೆಯಲ್ಲಿ ಅಡ್ಡಾಡಿದುದರಿಂದ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗಿತು. ಮೀನಖಂಡದಲ್ಲಿ ಬಾವು, ಏದುಸಿರು, 100.4 ಡಿಗ್ರಿ ಮೀರಿದ ಜ್ವರ, ಗಾಯದಲ್ಲಿ ಕೀವು, ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತಡಮಾಡದೆ ತಿಳಿಸಬೇಕೆಂದು ಕಾಗದದಲ್ಲಿತ್ತು. ಅದನ್ನು ಈಗ ಗಂಡನೇ ಗೋಡೆಗೆ ಅಂಟಿಸಿದನು.

ಎಲ್ಲಕ್ಕಿಂತ ಕಷ್ಟವಾದುದು ಕೈಗಳನ್ನು ಸುಮ್ಮನಿಡುವುದು. ಕೊಡ ಎತ್ತುವಂತಿಲ್ಲ, ಅಟ್ಟಕ್ಕೆ ಕೈಚಾಚುವಂತಿಲ್ಲ, ಜೋಳದ ರೊಟ್ಟಿ ಬಡಿಯುವಂತಿಲ್ಲ. ಆರು ವಾರ ಗಂಡನು ಬಡಿದ ರೊಟ್ಟಿಗಳು ನಾನಾ ದೇಶಗಳ ನಕ್ಷೆಗಳಂತಿದ್ದರೂ ಎಲ್ಲರೂ ಉಂಡರು.

ಮೂರನೆಯ ತಿಂಗಳಿಗೆ ಆಕೆ ದರ್ಜಿಯ ಬಳಿಗೆ ಹೋಗಲು ಆತುರಪಟ್ಟಳು. ಸಂಜೆಯ ವೇಳೆಗೆ ಎಡಗಡೆ ಇನ್ನೂ ತುಸು ತುಂಬಿಕೊಳ್ಳುತ್ತಿತ್ತು. ಆದುದರಿಂದ ಸದ್ಯಕ್ಕೆ ಎರಡೇ ಕುಪ್ಪಸಗಳನ್ನು, ಒಳಹೊಲಿಗೆಗೆ ಹೆಚ್ಚು ಬಟ್ಟೆ ಬಿಡಿಸಿ, ಹೊಲಿಸಿಕೊಂಡಳು.