ಒಂದು ಕಂತಿನ ತೀರ್ಪು

ಧಾರಾವಾಹಿಗಳನ್ನು ನೋಡುವುದು ಕಾಲಹರಣವೆಂದು ಹೇಳುವ ಹಿರಿಯರ ಪೈಕಿ ನಾನೂ ಒಬ್ಬನು; ಹಾಗೆ ಹೇಳುತ್ತ ಹೇಳುತ್ತಲೇ ನೋಡುವವರ ಪೈಕಿಯೂ ಹೌದು. ಒಂದು ರಾತ್ರಿ ಊಟವಾದ ಮೇಲೆ ಮಗಳು ಅಮೆರಿಕದ ಧಾರಾವಾಹಿಯೊಂದನ್ನು ತೋರಿಸಿ, “ಅಪ್ಪಾ, ಈ ಕಂತಿಗೆ ಎಮ್ಮಿ ಬಹುಮಾನ ಬಂದಿದೆ” ಎಂದಳು. “ನಾನು ಬಲ್ಲ ಕಂತುಗಳಿಗೆಲ್ಲ ಬಡ್ಡಿ ಬಂದಿದೆಯೇ ಹೊರತು ಬಹುಮಾನ ಬಂದುದಿಲ್ಲ” ಎಂದು ನಕ್ಕೆನು. ಅವಳು ನಗಲಿಲ್ಲ. ನಾನೂ ಸುಮ್ಮನಾಗಿ ನೋಡಿದೆನು.

ಎಮ್ಮಿಯ ಮೊದಲ ಸಮಾರಂಭವು ಲಾಸ್ ಏಂಜಲಿಸ್ ನಗರದಲ್ಲಿ 1949ನೆಯ ಇಸವಿ ಜನವರಿ 25ರಂದು ನಡೆಯಿತು. ಅಣುವನ್ನು ಎತ್ತಿ ಹಿಡಿದ ರೆಕ್ಕೆಯ ಸ್ತ್ರೀಮೂರ್ತಿ ಅದರ ಪ್ರತಿಮೆ. ಅದನ್ನು ರೂಪಿಸಿದ ಲೂಯಿ ಮೆಕ್‌ಮ್ಯಾನಸನಿಗೆ ಮಾದರಿಯಾಗಿ ನಿಂತವಳು ಅವನ ಹೆಂಡತಿಯೇ. ಉತ್ತಮ ಧಾರಾವಾಹಿಯೆಂಬ ಬಹುಮಾನವು ಇಡೀ ಧಾರಾವಾಹಿಗೆ ಸಲ್ಲುತ್ತದೆ. ಆದರೆ ಬರವಣಿಗೆಗೂ ನಿರ್ದೇಶನಕ್ಕೂ ಕೊಡುವ ಬಹುಮಾನಗಳಿಗೆ ಸಾಮಾನ್ಯವಾಗಿ ಒಂದೊಂದು ಕಂತನ್ನೇ ಎತ್ತಿಕೊಂಡು ತೂಗುತ್ತಾರೆ. ಒಂದೇ ಮನೆಯ ಮಕ್ಕಳು ಒಂದೇ ಓಟದಲ್ಲಿ ಓಡುವಂತೆ, ಒಂದೇ ಧಾರಾವಾಹಿಯ ಎರಡು ಮೂರು ಕಂತುಗಳು ಪರಸ್ಪರ ಸ್ಪರ್ಧೆಗೆ ನಿಲ್ಲುವುದೂ ಉಂಟು.

ಇದು ನ್ಯಾಯವೇ ಎಂದು ನನಗೆ ಸಂದೇಹವಾಯಿತು. ಆ ರಾತ್ರಿ ನಾವು ನೋಡಿದುದು ‘ಬ್ರೇಕಿಂಗ್ ಬ್ಯಾಡ್’ ಎಂಬ ಧಾರಾವಾಹಿಯ ‘ಓಝಿಮಾಂಡಿಯಾಸ್’ ಎಂಬ ಕಂತು. 2013ರಲ್ಲಿ ಪ್ರಸಾರವಾದ ಇದಕ್ಕಾಗಿ ಮೊಯಿರಾ ವಾಲಿ-ಬೆಕೆಟ್ ಎಂಬಾಕೆ 2014ರಲ್ಲಿ ಬರವಣಿಗೆಯ ಎಮ್ಮಿಯನ್ನು ಪಡೆದಳು. 62 ಕಂತುಗಳ ಪೈಕಿ ಇದು 60ನೆಯದು. ಒಂದು ಸಂಸಾರ ಕುಸಿದು ಬೀಳುವ ಕಥೆ. ಹಿಂದಿನ 59 ಕಂತುಗಳಲ್ಲಿ ಆ ಸಂಸಾರವನ್ನು ಕಂಡು ಬಳಕೆಯಾಗಿದ್ದ ಮಗಳ ಕಣ್ಣು ತುಂಬಿತು; ನಡುವೆ ಬಂದು ಕುಳಿತ ನನಗೆ ಬರಿಯ ಕೂಗಾಟ ಕಂಡಿತು. ಕಂತು ಅದೇ, ಕೋಣೆ ಅದೇ. ಹಾಗಾದರೆ ಬಹುಮಾನದಲ್ಲಿ ಹಿಂದಿನ ಕಂತುಗಳಿಗೆ ಪಾಲಿಲ್ಲವೇ?

ಈ ಸಂದೇಹಕ್ಕೆ ಉತ್ತರ ಕೊಟ್ಟದ್ದು ಇನ್ನೊಂದು ಹಳೆಯ ಕಂತು. 1970ರಲ್ಲಿ ಆರಂಭವಾದ ‘ಮೇರಿ ಟೈಲರ್ ಮೂರ್ ಷೋ’ ಎಂಬ ವಿನೋದ ಧಾರಾವಾಹಿಯಲ್ಲಿ, ಚಕಲ್ಸ್ ಎಂಬ ವಿದೂಷಕನು ಕಡಲೆಕಾಯಿಯ ವೇಷದಲ್ಲಿ ಸರ್ಕಸ್ಸಿನ ಮೆರವಣಿಗೆಗೆ ಹೋಗಿ ಆನೆಯಿಂದ ಸಾಯುತ್ತಾನೆ. ಆನೆಯು ಸಿಪ್ಪೆ ಸುಲಿಯಲು ನೋಡಿತಂತೆ! ಕಚೇರಿಯವರೆಲ್ಲ ಹಾಸ್ಯಮಾಡಿ ನಗುವಾಗ, ಸಭ್ಯಳಾದ ಮೇರಿಯು ಅವರನ್ನು ಗದರಿಸುತ್ತಾಳೆ. ಕಡೆಗೆ ಶವಸಂಸ್ಕಾರದ ಪ್ರಾರ್ಥನೆಯ ನಡುವೆ ನಗೆ ತಡೆಯಲಾರದೆ ಸಿಕ್ಕಿಬೀಳುವವಳು ಅವಳೇ. ನಗುವುದನ್ನು ಸತ್ತವನು ಮೆಚ್ಚುತ್ತಿದ್ದನು, ನಗಬಹುದು ಎಂದು ಪಾದ್ರಿಯು ಅಪ್ಪಣೆ ಕೊಟ್ಟೊಡನೆ ಅವಳಿಗೆ ಅಳು ಒತ್ತರಿಸಿ ಬರುತ್ತದೆ. ಇದನ್ನು ಬರೆದ ಡೇವಿಡ್ ಲಾಯ್ಡನಿಗೆ 1976ರಲ್ಲಿ ಎಮ್ಮಿ ದೊರೆಯಿತು.

ಮೇರಿಯು ಐದು ವರ್ಷ ಸಭ್ಯಳಾಗಿ ನಡೆದುಕೊಂಡಿದ್ದುದರಿಂದಲೇ ಆ ಒಂದು ನಗೆಗೆ ಅಷ್ಟು ಬೆಲೆ ಬಂದಿತು. ಹಾಗೆಂದು ಲಾಯ್ಡನ ಕೆಲಸ ಕಿರಿದಾಗದು. ಹತ್ತು ಮಂದಿ ಕೂಡಿಟ್ಟ ಹಣವನ್ನು ಯಾವ ದಿನ, ಯಾವುದಕ್ಕೆ ವೆಚ್ಚ ಮಾಡಬೇಕೆಂದು ಅರಿತವನು ಅವನು. ಒಬ್ಬನ ಒಂದು ದಿನದ ಶ್ರಮವನ್ನು ಗುಂಪಿನಲ್ಲಿ ಕಳೆದುಹೋಗಗೊಡದೆ ಹೆಸರಿಟ್ಟು ಕರೆಯುವುದು ಒಳ್ಳೆಯ ಪದ್ಧತಿಯೇ ಎಂದು ಒಪ್ಪಿಕೊಂಡೆನು.

ಮಗಳು ಮತ್ತೊಂದು ಸಂಗತಿಯನ್ನು ತಿಳಿಸಿದಳು. ಅಲ್ಲಿ ಬಹುಮಾನಕ್ಕೆ ನಾಮಕರಣ ಹೊಂದಿದ ನಟನು, ತನ್ನ ಅಭಿನಯದ ಪರೀಕ್ಷೆಗಾಗಿ ತನಗೆ ಬೇಕಾದ ಒಂದು ಕಂತನ್ನು ತಾನೇ ಆರಿಸಿ ಒಪ್ಪಿಸುತ್ತಾನಂತೆ. “ಎಂತಹ ಭಾಗ್ಯ! ನಮ್ಮ ಅತ್ಯುತ್ತಮ ದಿನವನ್ನು ನಾವೇ ಆರಿಸಿ, ಇದನ್ನು ನೋಡಿ ತೀರ್ಪು ಕೊಡಿರಿ ಎಂದು ಹೇಳುವಂತಿದ್ದರೆ!” ಎಂದೆನು.

ಅದುವರೆಗೆ ಮಾತಾಡದೆ ಅವರೆಕಾಯಿ ಸುಲಿಯುತ್ತಿದ್ದ ನನ್ನಾಕೆ ತಲೆಯೆತ್ತದೆ, “ಭಾವನವರಿಗೂ ಹಾಗೆ ಆರಿಸಲು ಬಿಡಬಹುದಾಗಿತ್ತು” ಎಂದಳು.

ವಾಚಕರೆ, ನನ್ನ ಅಣ್ಣನೊಡನೆ ನಾನು ಮಾತು ಬಿಟ್ಟು ಒಂಬತ್ತು ವರ್ಷಗಳಾದುವು. ಆಸ್ತಿ ಭಾಗವಾದ ದಿನ, ನೆಂಟರೆಲ್ಲರ ಎದುರಿಗೆ, “ನಿನ್ನ ಓದಿಗೆ ಆದ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿ” ಎಂದನು. ಆ ಒಂದು ಕಂತನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹಾಕಿಕೊಂಡು ನೋಡಿದೆನೋ ಲೆಕ್ಕವಿಲ್ಲ. ನನ್ನ ಪರೀಕ್ಷೆಯ ಫೀಜಿಗಾಗಿ ಅವನು ತನ್ನ ಸೈಕಲ್ಲನ್ನು ಮಾರಿ, ಒಂದು ವರ್ಷವೆಲ್ಲ ಕೆಲಸಕ್ಕೆ ನಡೆದು ಹೋದ ಕಂತು ಮಾತ್ರ ಮೂಲೆಗೆ ಬಿದ್ದಿತ್ತು. ಅದನ್ನು ನೆನೆದು ನೋಡಿದರೆ, ಭಾಗದ ದಿನದ ಆ ಮಾತು ಬರಿಯ ಕೂಗಾಟವಾಗಿ ಕೇಳಿಸುವುದಿಲ್ಲ. ನಾನು ಒಮ್ಮೆಯಾದರೂ ಹೇಳದೆ ಉಳಿಸಿಕೊಂಡ ಕೃತಜ್ಞತೆಯು ಅದರಲ್ಲಿ ಕೇಳಿಸುತ್ತದೆ.

ಪರದೇಶದ ನಟರಿಗೆ ತೀರ್ಪುಗಾರರು ತೋರುವಷ್ಟು ದಾಕ್ಷಿಣ್ಯವನ್ನು ನಾನು ಒಡಹುಟ್ಟಿದವನಿಗೆ ತೋರಲಿಲ್ಲ. ಗೌರಿಹಬ್ಬಕ್ಕೆ ಅತ್ತಿಗೆಯವರನ್ನು ಕರೆದುಕೊಂಡು ಬರಬೇಕೆಂದು ಅಣ್ಣನಿಗೆ ಕಾಗದ ಬರೆದಿದ್ದೇನೆ. ಸೈಕಲ್ಲಿನ ವಿಷಯವನ್ನೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಕಂತಿಗೆ ಕಾಯುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ.