ಹೋಗಲಿಲ್ಲವೋ, ಹೋಗೋಕಾಗಲಿಲ್ಲವೋ?



ಚಂಡಮಾರುತ, ಪ್ರವಾಹದ ಸುದ್ದಿ ಬಂದಾಗೆಲ್ಲ ನಮ್ಮ ಆಫೀಸಲ್ಲಿ ಟೀ ಹೊತ್ತಿಗೆ ಒಂದು ಮಾತು ಗ್ಯಾರಂಟಿ: "ಮೊದಲೇ ಹೇಳಿದ್ರಲ್ವಾ, ಆ ಜನ ಯಾಕೆ ಜಾಗ ಖಾಲಿ ಮಾಡ್ಲಿಲ್ಲ?" ಕೇಳೋರ ಮನೆ ಮುಂದೆ ಕಾರು ನಿಂತಿರುತ್ತೆ, ಅದು ಬೇರೆ ಮಾತು.

ಅಮೆರಿಕದ ನ್ಯೂ ಆರ್ಲಿಯನ್ಸ್ ನೋಡಿ. 2005ರ ಆಗಸ್ಟ್ 28ರ ಭಾನುವಾರ, ಎಲ್ಲರೂ ಊರು ಬಿಡಲೇಬೇಕು ಅಂತ ಮೇಯರ್ ಆದೇಶ ಹೊರಡಿಸಿದರು. ಮರುದಿನ ಬೆಳಿಗ್ಗೆಯೇ ಕತ್ರೀನಾ ಬಂತು. ಒಡ್ಡುಗಳು ಒಡೆದು ಶೇ. 80ರಷ್ಟು ಊರು ಮುಳುಗಿತು. ಅಲ್ಲಿನ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಕಾರಿಲ್ಲದವರೇ ಒಂದು ಲಕ್ಷಕ್ಕೂ ಹೆಚ್ಚು. ನಾನು ಗುಮಾಸ್ತ, 28ನೇ ತಾರೀಖು ಜೇಬಲ್ಲಿ ಎಷ್ಟಿರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೂ ಬಡವರ ನೆರವಿನ ಚೆಕ್ಕು ಬರೋದು ಒಂದನೇ ತಾರೀಖಿನ ಹೊತ್ತಿಗೆ. ಪೆಟ್ರೋಲಿಗೆ, ಲಾಡ್ಜಿಗೆ ದುಡ್ಡೆಲ್ಲಿ? ನೂರಾರು ಸ್ಕೂಲ್ ಬಸ್ಸುಗಳು ನಿಂತಲ್ಲೇ ನೀರು ಕುಡಿದವು. ಲೂಸಿಯಾನಾದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ದಾಟಿದ ವೃದ್ಧರು. ಹಾಸಿಗೆ ಹಿಡಿದ ಅವ್ವನನ್ನ ಬಿಟ್ಟು ಓಡೋದು ಜಾಣತನವಾ?

ಅಷ್ಟಾದ ಮೇಲೂ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥ ಮೈಕೆಲ್ ಬ್ರೌನ್, ಎಚ್ಚರಿಕೆ ಕೇಳದವರದ್ದೇ ತಪ್ಪು ಅನ್ನೋ ಅರ್ಥದಲ್ಲಿ ಮಾತಾಡಿದರು. 2009ರಲ್ಲಿ ನಿಕೋಲ್ ಸ್ಟೀಫನ್ಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ನೋಡುಗರ ಬಾಯಲ್ಲಿ ಊರು ಬಿಟ್ಟವರು ಶ್ರಮಜೀವಿಗಳು, ಉಳಿದವರು ಸೋಮಾರಿಗಳು. ಉಳಿದವರು ಮಾತ್ರ ಹೇಳಿಕೊಂಡಿದ್ದು ದೇವರ ಮೇಲಿನ ನಂಬಿಕೆ, ಮನೆಯವರು, ಒಬ್ಬರಿಗೊಬ್ಬರು ಆಸರೆಯಾದದ್ದು. 'ಸೋಮಾರಿ' ಅನ್ನೋ ಪದ ನಮ್ಮ ಕೇರಿಗಳಿಗೆ ಪರಿಚಯ ಮಾಡಿಕೊಡಬೇಕಾ?

ಇನ್ನು ಹೊರಟವರ ಗತಿ ಕೇಳಿ. ಸೆಪ್ಟೆಂಬರ್ 1ರಂದು ಸೇತುವೆ ದಾಟಿ ಪಕ್ಕದ ಗ್ರೆಟ್ನಾ ಕಡೆ ನಡೆದು ಹೊರಟವರನ್ನ ಪೊಲೀಸರು ಬಂದೂಕು ಹಿಡಿದು ತಡೆದರು, ತಲೆ ಮೇಲಿಂದ ಗುಂಡು ಹಾರಿಸಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ.

ನಮ್ಮಲ್ಲಿ 2004ರ ಸುನಾಮಿಯಾದ ಮೇಲೆ ತಮಿಳುನಾಡಿನಲ್ಲಿ ದಲಿತರನ್ನ ಪರಿಹಾರ ಶಿಬಿರಗಳಿಂದ ದೂರ ಇಟ್ಟಿದ್ದು, ಕುಡಿಯೋ ನೀರು ಮುಟ್ಟಗೊಡದಿದ್ದು ದಾಖಲಾಗಿದೆ. ಹಾಗೆ ಅವಮಾನ ಉಂಡವರು ಮುಂದಿನ ಸಲ ಮೈಕಲ್ಲಿ "ಬನ್ನಿ" ಅಂದಾಗ ಒಂದು ಗಳಿಗೆ ಹಿಂದೆಮುಂದೆ ನೋಡ್ತಾರೆ. ಅದು ದಡ್ಡತನ ಅಲ್ಲ, ಲೆಕ್ಕಾಚಾರ.

ಮಳೆಗಾಲದ ಮುಂಚೆ ತಾಲ್ಲೂಕು ಸಭೆಗೆ ಹೋಗೋ ಸಂಗಾತಿಗಳು ದಯವಿಟ್ಟು ಇಷ್ಟು ಕೇಳಿ: ಕೇರಿಗೆ ಬಸ್ಸು ಎಷ್ಟೊತ್ತಿಗೆ ಬರುತ್ತೆ? ಆಡು, ಎಮ್ಮೆ ಎಲ್ಲಿ ಕಟ್ಟೋದು? ಕಾಳಜಿ ಕೇಂದ್ರದಲ್ಲಿ ಎಲ್ಲರಿಗೂ ಒಂದೇ ಒಲೆ, ಒಂದೇ ನಲ್ಲಿನಾ? ಬಾಯಿಮಾತಿಗೆ ಒಪ್ಪಬೇಡಿ. ಅರ್ಜಿ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.