ಬಸ್ಸಿನ ಖರ್ಚು

2023ರ ದೀಪಾವಳಿ ಮುಗಿದು ನಾಕು ದಿನ ಆಗಿತ್ತು. ನಮ್ಮ ಕಬ್ಬಿಗೆ ಇನ್ನೂ ಪಾಳಿ ಬಂದಿರಲಿಲ್ಲ. ಹೊಲದ ಮನಿ ಕಟ್ಟಿ ಮ್ಯಾಲೆ ಕುಂತು ಹಳೆ ತಾಳದ ದಾರ ಬದಲು ಮಾಡುತ್ತಿದ್ದೆ. ಅಣ್ಣನ ಮಗ ಲ್ಯಾಪ್‌ಟಾಪ್ ಬಗಲಾಗ ಹಿಡಕೊಂಡು ಬಂದ.

“ಕಾಕಾ, ನೀವ ಭಜನಿ ಮಂದೀನ ಅಲ್ಲಿ ಇಲ್ಲಿ ಕರಕೊಂಡು ಹೋಗಿ ಬಂದವರು. ಸ್ವಲ್ಪ ಈ ಹಿಶೇಬ ನೋಡ್ರಿ” ಅಂದ.

ಅವನು ಪುಣೆಯ ಒಂದು ಕಂಪನಿಯ ನೌಕರ. 2020ರ ಮಾರ್ಚಿನಾಗ ಲಾಕ್‌ಡೌನ್ ಆದಾಗ ಊರಿಗೆ ಬಂದ. ಆಮ್ಯಾಲೆ ಪುಣೆಯಾಗಿದ್ದವರು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು ಅಂತ ಆಯಿತು. ಇವನಂಥ ದೂರದವರು ಮನಿಯಿಂದಲೇ ಮಾಡಲಿ ಅಂದರು. ಅರ್ಧ ಮಂದಿ ಆಫೀಸಿನಾಗ, ಅರ್ಧ ಮಂದಿ ಮನಿಯಾಗ. ಇದಕ್ಕ ಹೈಬ್ರಿಡ್ ಅಂತಾರಂತ. ನಾವು ಸಣ್ಣವರಿದ್ದಾಗ ಹೈಬ್ರಿಡ್ ಜ್ವಾಳ ಅಂತ ಬಂದಿತ್ತು. ತೆನಿ ದಪ್ಪ, ಹುಟ್ಟುವಳಿ ಭಾಳ, ಆದರ ರೊಟ್ಟಿಗೆ ರುಚಿ ಇರಲಿಲ್ಲ, ಕಣಿಕಿಯನ್ನ ಎತ್ತು ಮೂಸಿ ನೋಡಿ ಬಿಡತಿತ್ತು. ಅದನ್ನ ಹೇಳಿದೆ. ಹುಡುಗ ನಗಲಿಲ್ಲ. “ನಮ್ಮದೂ ಹಂಗ ಆಗೇತಿ ಕಾಕಾ. ಕೆಲಸ ಭಾಳ ಆಗತೈತಿ, ಒಬ್ಬರ ಮಾರಿ ಒಬ್ಬರಿಗೆ ಗೊತ್ತಿಲ್ಲ. ಎರಡು ಸಲ ಪ್ರಮೋಷನ್ ಆತು. ಎರಡೂ ಸಲ ಆಫೀಸಿನಾಗ ಕುಂತವರಿಗೇ ಆತು” ಅಂದ.

ಅದಕ್ಕ ಅವರ ಸಾಹೇಬರು 24 ಮಂದಿ ಎರಡು ದಿನ ಒಂದ ಕಡೆ ಕೂಡಬೇಕು ಅಂತ ಠರಾವ್ ಮಾಡಿ, ಎಲ್ಲಿ, ಯಾವಾಗ, ಎಷ್ಟು ಅನ್ನೂದನ್ನ ಇವನ ತಲಿಗೆ ಕಟ್ಟಿದ್ದರು. ಕಂಪನಿ ಕೊಡೂದು ತಲಿಗೆ 5,000ದಂತೆ 1,20,000 ರೂಪಾಯಿ. ಬೆಂಗಳೂರಿಗೂ ಪುಣೆಗೂ ನಡುವೆ ಬೀಳತೈತಿ ಅಂತ ಇವನು ಪನ್ಹಾಳಾ ಆರಿಸಿದ್ದ. ಗುಡ್ಡದ ಮ್ಯಾಲಿನ ಊರು, ತಂಪು, ಕೊಲ್ಲಾಪುರದಿಂದ ತಾಸಿನ ದಾರಿ. (ಅದನ್ನ ಕಟ್ಟಿಸಿದವನು ಶಿಲಾಹಾರರ ಭೋಜರಾಜ, ಆ ಶಿಲಾಹಾರರ ಎಷ್ಟೋ ಶಾಸನ ಕನ್ನಡದಾಗ ಅದಾವು ಅಂತ ನಮ್ಮ ಗುರುಗಳು ಹೇಳತಿದ್ದರು. ಈಗ ಅಲ್ಲಿ ಹೋದರೆ ಕನ್ನಡ ಮಾತಾಡವರು ಪ್ರವಾಸಕ್ಕ ಬಂದವರಷ್ಟೇ.)

ಮೊದಲು ದಿವಸ ನೋಡಿದಿವಿ. ಸಾಹೇಬರು ಡಿಸೆಂಬರ್ ಅಂದಿದ್ದರು. ನಾನು ಬ್ಯಾಡ ಅಂದೆ. ಮಾರ್ಗಶಿರ ಹುಣ್ಣಿವಿಗೆ ಕೊಲ್ಲಾಪುರದ ಮಂದಿ ಎಲ್ಲವ್ವನ ಗುಡ್ಡಕ್ಕ ಹೊಂಡತಾರ. ಎಸ್.ಟಿ. ಗಾಡಿಗಳು ಕರಾರಿನ ಮ್ಯಾಲೆ ಸವದತ್ತಿಗೆ ಹೋಗಿರತಾವು, ಉಳಿದ ಗಾಡಿಯವರು ಬಾಯಿಗೆ ಬಂದ ಬಾಡಿಗಿ ಕೇಳತಾರ. ವರ್ಷದ ಕೊನಿಗಂತೂ ಪನ್ಹಾಳದಾಗ ಕಾಲಿಡಾಕ ಜಾಗ ಇರೂದಿಲ್ಲ. “ಹಂಗಾದ್ರ ಜುಲೈ?” ಅಂದ. ಜುಲೈ ಮಳಿಗಾಲದಾಗ ಚಂದ ಕಾಣತೈತಿ ಖರೆ. ಆದರ 2019ರ ಆಗಸ್ಟಿನಾಗ, 2021ರ ಜುಲೈದಾಗ ಪಂಚಗಂಗಾ ಏರಿ ಶಿರೋಲಿ ಹತ್ತಿರ ಹೆದ್ದಾರಿಯೇ ನೀರಾಗ ಹೋಗಿತ್ತು. ಪುಣೆ ಬಸ್ಸು ಆ ಕಡೆ, ಬೆಂಗಳೂರು ಬಸ್ಸು ಈ ಕಡೆ ನಿಂತಿದ್ದನ್ನ ನಾವೆಲ್ಲ ನೋಡೇವಿ. ಕಡೀಕ ಫೆಬ್ರವರಿ ಮೊದಲನೇ ವಾರ, ಬೇಸ್ತವಾರ-ಶುಕ್ರವಾರ ಅಂತ ಠರಾಯಿಸಿದಿವಿ. ಶನಿವಾರ-ರವಿವಾರ ಬಿಟ್ಟರೆ ರೂಮಿನ ರೇಟು ಇಳೀತಾವು.

ಆಮ್ಯಾಲೆ ಅವನು ಖರ್ಚಿನ ಪಟ್ಟಿ ತೋರಿಸಿದ. ಇಳಕೊಳ್ಳೂದು, ಊಟ, ಟ್ಯಾಕ್ಸ್ ಎಲ್ಲಾ ಕೂಡಿ ತಲಿಗೆ 3,200ರಂತೆ 76,800. ಪುಣೆಯಿಂದ 14 ಮಂದಿಗೆ ಮಿನಿಬಸ್ 28,000. ಟೀ-ಶರ್ಟು ಮತ್ತ ಡಿ.ಜೆ. ಕೂಡಿ 12,000. ನಾನು ಏಳನೇತ್ತೆ ಕಲಿತವನು, ಆದರ ಬಾಯಿಲೆಕ್ಕಕ್ಕ ಹೆದರವನಲ್ಲ. 1,16,800 ಆತು, ಉಳಿದದ್ದು 3,200.

“ಉಳಿದ ಹತ್ತು ಮಂದಿ ಹ್ಯಾಂಗ ಬರತಾರೊ?” ಅಂದೆ.

“ಅವರು ತಮ್ಮ ತಮ್ಮ ಖರ್ಚಿಲೆ ಬರತಾರ ಕಾಕಾ. ಬ್ಯಾರೆ ಬ್ಯಾರೆ ಊರವರಲ್ಲಾ, ಬಸ್ ಮಾಡಾಕ ಬರೂದಿಲ್ಲ. ಸಾಹೇಬರು ಕೊಟ್ಟ ಹಳೇ ಪಟ್ಟೀನೂ ಹಂಗ ಐತಿ.”

ನಾಗಪುರದ ಇಬ್ಬರು, ಬೆಂಗಳೂರಿನ ಮೂವರು, ಬೆಳಗಾವಿಯ ಒಬ್ಬಾಕಿ, ಇಚಲಕರಂಜಿಯ ಇಬ್ಬರು, ಸಾಂಗಲಿಯವನೊಬ್ಬ, ಹತ್ತನೆಯವನು ನಮ್ಮ ಹುಡುಗ. ತನ್ನ ಹೆಸರನ್ನ ತಾನೇ ಬಸ್ಸಿನಿಂದ ಇಳಿಸಿದ್ದ, ಅವನಿಗೆ ಅದರ ಖಬರೂ ಇರಲಿಲ್ಲ.

ನಾನು ತಾಳ ಕೆಳಗಿಟ್ಟೆ. ಮಾತು ಹೊರಡಲಿಲ್ಲ. ಯಾಕಂದರೆ ಇಂಥದ್ದೇ ಒಂದು ಪಟ್ಟಿ ನಾನೂ ಮಾಡಿದ್ದೆ, 1995ರಾಗ.

ಆಗ ನಮ್ಮ ಮೇಳದಾಗ 18 ಮಂದಿ. 11 ಮಂದಿ ಊರಾಗಿದ್ದವರು. ಐದು ಮಂದಿ ಹೊಟ್ಟಿಗೆ ಇಚಲಕರಂಜಿಗೆ ಹೋಗಿ ಮಗ್ಗ ನಡಸತಿದ್ದರು, ಇಬ್ಬರು ಕೊಲ್ಲಾಪುರದಾಗ. ಈಗಿನ ಮಾತಿನಾಗ ಹೇಳೂದಾದರೆ ನಮ್ಮದೂ ಹೈಬ್ರಿಡ್ ಮೇಳವೇ. ಇಚಲಕರಂಜಿಯ ಐವರಾಗ ಒಬ್ಬ ನನ್ನ ಜೋಡಿ. ನನಗಿಂತ ಮೂರು ವರ್ಷ ದೊಡ್ಡವನು. ಅವನು ಪದ ಎತ್ತತಿದ್ದ, ನಾನು ತಿರುಗಿ ಹೇಳತಿದ್ದೆ. ಅವನು ಎಲ್ಲಿ ಉಸಿರು ತಗೋತಾನ ಅನ್ನೂದು ನನಗ ಬೆನ್ನಿಗೂ ಗೊತ್ತಿತ್ತು.

ಆ ವರ್ಷ ಭಾರತ ಹುಣ್ಣಿವಿಗೆ ಮೇಳದ ಸಮೇತ ಗುಡ್ಡಕ್ಕ ಹೋಗೂದು ಅಂತ ಆತು. ಹಿಶೇಬು ನನ್ನ ಕಡೆ. ವರ್ಗಣಿ ಎಲ್ಲಾರಿಗೂ ಒಂದೇ, 150 ರೂಪಾಯಿ. ಒಟ್ಟು 2,700. ಟೆಂಪೋ ಬಾಡಿಗಿ 1,600, ಸಂತಿ-ಸಾಮಾನು 760. ಎಲ್ಲಾರಿಗೂ ಸರಿಸಮ ಅಂತ ನಾನು ಎದಿ ಉಬ್ಬಿಸಿದ್ದೆ. ಆದರ ಮಗ್ಗದವರಿಗೆ ಪಗಾರ ನೇಯ್ದಷ್ಟಕ್ಕೇ. ಕೈ ನಿಂತರೆ ರೊಕ್ಕ ನಿಂತಿತು. ಮೂರು ದಿನದ ಕೂಲಿ ಮುಳುಗಿಸಿ, ಮ್ಯಾಲೆ ಇಚಲಕರಂಜಿಯಿಂದ ಊರಿಗೆ ಕೈಯಿಂದ ಬಸ್ಸಿನ ಖರ್ಚು ಹಾಕ್ಕೊಂಡು ಬಂದು, ಮ್ಯಾಲೆ ನಮ್ಮಷ್ಟೇ ವರ್ಗಣಿ ಕೊಡಬೇಕು. ಇನ್ನೊಂದು ಹೇಳತೀನಿ. ಅವರು ಊರಿಗೆ ಬರೂ ಕಾರಣವೇ ಇರಲಿಲ್ಲ. ನಿಪ್ಪಾಣಿ ಮ್ಯಾಲಿಂದ ನೆಟ್ಟಗ ಸಂಕೇಶ್ವರಕ್ಕ ಬಂದು ನಿಂತಿದ್ದರೆ ಟೆಂಪೋ ಅಲ್ಲಿ ಹತ್ತಿಸಿಕೊಳ್ಳಬಹುದಿತ್ತು. “ನಮ್ಮ ಗುಡಿ ಮುಂದಿನಿಂದಲೇ ಎಲ್ಲಾರೂ ಕೂಡಿ ಹೊಂಡಬೇಕು, ಕಾಯಿ ಒಡೀಬೇಕು” ಅಂತ ಹಟ ಹಿಡಿದವನು ನಾನು.

ಗುಡ್ಡದ ಮ್ಯಾಲೆ ಒಲಿ ಹೂಡಿ ಕಡಬು ಬೇಯಿಸತಿದ್ದಿವಿ. ನನ್ನ ಜೋಡಿ ಎಲ್ಲಾರ ಮುಂದ ಕೇಳಿದ: “ಉಳಿದ ರೊಕ್ಕ ಎಷ್ಟು? ನಮ್ಮ ಐದು ಮಂದಿ ಬಸ್ಸಿನ ಖರ್ಚರೆ ಅದರಾಗ ಕೊಡ.” ಉಳಿದದ್ದು 340. ಆ 340ಕ್ಕ ನಾನು ಸಂಕೇಶ್ವರದಾಗ ಮೇಳಕ್ಕಂತ ಹೊಸಾ ತಾಳ ತಗೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ. ಬರದಿಟ್ಟದ್ದು ಕಬ್ಬಿನ ಚೀಟಿಯ ಹಿಂದ, ಅದೂ ಮನಿಯಾಗ ಉಳಿದಿತ್ತು. ರೊಕ್ಕ ತಿಂದಿರಲಿಲ್ಲ ನಾನು, ಆದರ ಮಾರಿ ಕೆಂಪಾತು. “ನಂಬಿಕಿ ಇಲ್ಲದವರು ಮೇಳಕ್ಕ ಬರಬ್ಯಾಡ್ರಿ” ಅಂದೆ. ಅವನು ಕಡಬು ಬೇಯೂತನಕ ಕುಂತಿದ್ದ. ಉಣ್ಣಲಿಲ್ಲ. ಎದ್ದು ಬೆಳಗಾವಿ ಬಸ್ಸು ಹಿಡದ. ಉಳಿದ ನಾಕೂ ಮಂದಿ ಮುಂದಿನ ವರ್ಷದಿಂದ ಬರೂದು ಬಿಟ್ಟರು. ಮೇಳ ಅಲ್ಲಿಗೆ ಕುಂತಿತು. ಲಗ್ನದಾಗ, ಮಣ್ಣಿನಾಗ ಎದುರಾದರೆ “ಆರಾಮ?” “ಆರಾಮ.” ಇಷ್ಟೇ. 28 ವರ್ಷ.

ಈ ಮಾತು ಊರಾಗ ಕೆಲವರಿಗೆ ಗೊತ್ತೈತಿ, ಆದರ ತಪ್ಪು ಅವನದೇ ಅಂತ ಗೊತ್ತೈತಿ. ಹಂಗ ಹೇಳಿದವನೂ ನಾನೇ.

ಹುಡುಗನಿಗೆ ಇಷ್ಟನ್ನೆಲ್ಲ ಹೇಳಿ, “ತಮ್ಮಾ, ಆ ಪಟ್ಟಿ ಅಳಸು. ಎಲ್ಲಾಕ್ಕಿಂತ ಮ್ಯಾಲೆ ಬರೂ ಖರ್ಚು ಬರಿ, ನಾಗಪುರದವರದು ಮೊದಲು. ಆಮ್ಯಾಲೆ ಉಳಿದದ್ದರಾಗ ಕ್ವಾಲಿ ಹುಡುಕು” ಅಂದೆ. ರಾತ್ರಿ ಹತ್ತರ ತನಕ ಕುಂತಿವಿ. ಹತ್ತು ಮಂದಿಯ ಹೋಗೂ-ಬರೂ ಖರ್ಚು 15,000ದೊಳಗ ಕುಂತಿತು. ಬೆಂಗಳೂರಿನವರಿಗೆ ಪುಣೆ ಬಸ್ಸು ಹೆದ್ದಾರಿ ಮ್ಯಾಲೆ ಕೊಲ್ಲಾಪುರದ ಹೊರಗ ಇಳಿಸತೈತಿ. ಬೆಳಗಾವಿ ಹುಡುಗಿಗೆ ನಿಪ್ಪಾಣಿ ತನಕ ಕರ್ನಾಟಕದ ಬಸ್ಸು ಪುಕ್ಕಟೆ, ನಮ್ಮ ಹದ್ದಿನಾಗ ಎಸ್.ಟಿ.ಗೆ ಅರ್ಧ ಟಿಕೀಟು. ಅದನ್ನ ಕೇಳಿ ನಮ್ಮ ಮನಿಯಾಕಿ ಒಳಗಿಂದ, “ನಾವು ಸಂಕೇಶ್ವರದಾಗ ಹತ್ತಿದ್ರ ಆಧಾರ ನೋಡಿ ಪೂರ್ತಿ ಟಿಕೀಟು ಹರೀತಾರ. ಮಾತು ಅವರದ, ಕಾರ್ಡು ಇವರದ” ಅಂದಳು. ಅದು ಬ್ಯಾರೆ ಕತಿ.

ವಾರದ ದಿನ ಆದದ್ದಕ್ಕ ರೂಮಿನವರು ತಲಿಗೆ 2,400ಕ್ಕ ಇಳದರು, 57,600 ಆತು. ಮಿನಿಬಸ್ಸಿನ 28,000 ಹಂಗೇ ಇಟ್ಟಿವಿ. ಎಲ್ಲಾ ಕೂಡಿ 1,00,600. ಟೀ-ಶರ್ಟು ಹೋತು, ಡಿ.ಜೆ. ಹೋತು. ಉಳಿದ 19,400ರಾಗ 12,000 ಮುಟ್ಟೂದೇ ಇಲ್ಲ ಅಂತ ಬ್ಯಾರೆ ತೆಗದಿಟ್ಟಿವಿ. ಗಾಡಿ ಕೆಡತೈತಿ, ಯಾರಿಗೋ ಆರಾಮ ತಪ್ಪತೈತಿ, ಇಪ್ಪತ್ತು ಮಂದಿ ಹೋದಾಗ ಇದು ತಪ್ಪಿದ್ದಲ್ಲ. ಸಾಲಿ ಸಹಲು ಒಯ್ಯೂ ಗುರುಗಳಿಗೆ, ಬಚತ್ ಗಟದ ಅಕ್ಕಗಳಿಗೆ ಇದನ್ನ ನಾನು ಹೇಳಬೇಕಾಗಿಲ್ಲ.

ಸಾಹೇಬರು ಒಪ್ಪತಾರೋ ಇಲ್ಲೋ ಅಂತ ಹುಡುಗ ಹೆದರಿದ್ದ. ಫೋನಿನಾಗ ಮಾತಾಡೂ ಮುಂದ ಅವನ ಕೈ ನಡುಗೂದನ್ನ ನೋಡಿದೆ. “ಸರ್, ದೂರದವರು ಕೈಯಿಂದ ಹಾಕ್ಕೊಂಡು ಬಂದ್ರ ಅವರು ಬೀಗರಾಗತಾರ, ಮನಿಯವರಾಗೂದಿಲ್ಲ” ಅಂತ ಮರಾಠಿಯಾಗ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಗಪ್ಪ. ಆಮ್ಯಾಲೆ ಒಪ್ಪಿದರು. ಡಿ.ಜೆ. ಬದಲಿ ಏನು ಅಂತ ಕೇಳಿದರು. ಹುಡುಗ ನನ್ನ ಕಡೆ ನೋಡಿ, “ನಮ್ಮ ಕಾಕಾ ಹಾಡತಾರ” ಅಂದುಬಿಟ್ಟ.

ಒಬ್ಬನೇ ಹಾಡೂ ಪದ ಅಲ್ಲ ನಮ್ಮವು. ಲಾಕ್‌ಡೌನಿನಾಗ ನಾವು ಫೋನಿನ ಮ್ಯಾಲೆ ಭಜನಿ ಮಾಡಿ ನೋಡಿದ್ದಿವಿ. ಮಾತು ಆಗತೈತಿ, ಹಾಡು ಆಗೂದಿಲ್ಲ. ದನಿ ಒಂದು ಮಾತ್ರೆ ತಡಾ ಆಗಿ ಬರತೈತಿ, ತಾಳ ಜಾರತೈತಿ. ಕೂಡಿ ಹಾಡಬೇಕಾದರೆ ಒಂದ ಜಮಖಾನಿ ಮ್ಯಾಲೆ ಕೂಡಬೇಕು.

ಎರಡು ದಿನ ತಡದು ಇಚಲಕರಂಜಿಗೆ ಫೋನು ಮಾಡಿದೆ. ಎತ್ತಿದ. ಹಿಂದ ಮಗ್ಗದ ಸಪ್ಪಳ. ಈಗ ಮಗನದು ನಡೀತಾವು.

“ಪನ್ಹಾಳದಾಗ ಒಂದು ಹಾಡಿಕಿ ಐತಿ” ಅಂದೆ.

“ಯಾರ್ಯಾರು?”

“ನೀ, ನಾ.”

ಮಗ್ಗದ ಸಪ್ಪಳಷ್ಟೇ ಕೇಳತಿತ್ತು. ಕಟ್ ಮಾಡಿದ ಅಂದುಕೊಂಡೆ.

“ಬಸ್ಸಿನ ಖರ್ಚು ಯಾರದು?” ಅಂದ.

“ಬರದೇನಿ. ಮೊದಲನೇ ಸಾಲಿನಾಗ.”

“ನೋಡತೀನಿ” ಅಂದು ಇಟ್ಟ.

ಬೇಸ್ತವಾರ ಸಂಜಿಕ ನಾನು ಪನ್ಹಾಳಾ ಮುಟ್ಟಿದಾಗ ಅವನು ಎಸ್.ಟಿ. ನಿಲ್ಲೂ ಕಡೆ ಮಫಲರ್ ಸುತಗೊಂಡು ಕುಂತಿದ್ದ. ಭಾಳ ಸೊರಗಿದ್ದ. ಇಬ್ಬರೂ ಹೆಚ್ಚು ಮಾತಾಡದೆ ನಡಕೊಂತ ಹೋದಿವಿ. ಆ ಹುಡುಗರು ಅಂಗಳದಾಗ ಚಾಪಿ ಹಾಸಿದ್ದರು. ಪುಣೆಯವರು ಒಂದು ಕಡೆ, ಉಳಿದವರು ಒಂದು ಕಡೆ ಕುಂತಿದ್ದರು. ಪದದ ಸೊಲ್ಲು ಹಿಂದ ಹೇಳಬೇಕು, ಎರಡು ಪಂಗತಿ ಎದುರಬದುರ ಕೂಡ್ರಿ ಅಂತ ಹೇಳಿ ನಾನೇ ಕಲಸಿ ಕೂಡಿಸಿದೆ. ನಾಗಪುರದ ಒಬ್ಬಾಕಿಗೆ ಸಣ್ಣ ಕೂಸಿತ್ತು, ಬರಾಕ ಆಗಿರಲಿಲ್ಲ. ಫೋನಿನಾಗ ಕಾಣತಿದ್ದಳು. ಅದನ್ನ ನನ್ನ ಮುಂದ ಒಂದು ಲೋಟಕ್ಕ ಆನಿಸಿ ಇಟ್ಟರು. ಎಲ್ಲಾರೂ ಸೊಲ್ಲು ಮುಗಿಸಿದ ಮ್ಯಾಲೆ ಆಕಿದು ಒಂದ ಬರತಿತ್ತು. ಎಲ್ಲಾರೂ ನಗತಿದ್ದರು, ಆಕಿನೂ ನಗತಿದ್ದಳು. ಆಮ್ಯಾಲೆ ಆಕಿ ಮುಗಿಸೂತನಕ ತಡದು ಮುಂದ ಎತ್ತಿದಿವಿ.

ನನ್ನ ಜೋಡಿಯ ದನಿ ಹೋಗೇತಿ. ಅಷ್ಟು ವರ್ಷದ ಹತ್ತಿ ಧೂಳಿನಾಗ ಅದು ಉಳೀಬೇಕಾದರೂ ಹ್ಯಾಂಗ. ಎರಡನೇ ನುಡಿಗೆ ಕೆಮ್ಮು ಬಂತು. ಎತ್ತೂದನ್ನ ನನ್ನ ಕಡೆ ಕೈ ಮಾಡಿ ಬಿಟ್ಟುಕೊಟ್ಟ. ಜೀವಮಾನದಾಗ ಮೊದಲನೇ ಸಲ ನಾನು ಎತ್ತಿದೆ, ಅವನು ತಿರುಗಿ ಹೇಳಿದ. ಉಸಿರು ಮಾತ್ರ ಅಲ್ಲೇ ತಗೊಂಡ, ಮೊದಲು ತಗೋತಿದ್ದ ಜಾಗದಾಗ.

ಹುಡುಗರಿಗೆ ಪದ ಅರ್ಥ ಆತೋ ಇಲ್ಲೋ. ಕನ್ನಡ ಬರವರು ಆರೇಳು ಮಂದಿ. ನಮ್ಮ ಹುಡುಗ ನುಡಿಗೊಮ್ಮೆ ಎದ್ದು ಮರಾಠಿಯಾಗ, ಹಿಂದಿಯಾಗ ಹೇಳತಿದ್ದ. ಅವನ ಸಾಹೇಬರು ಮುಂದ ಕುಂತು ಅವನ ಮಾರಿಯನ್ನೇ ನೋಡತಿದ್ದರು. ಪ್ರಮೋಷನ್ ಆತೇನು ಅಂತ ಯಾರೂ ಕೇಳಬ್ಯಾಡ್ರಿ, ಆಗಿಲ್ಲ. ಆದರ ಈಗ ಅವರು ವಾರಕ್ಕೊಮ್ಮೆ ಅವನಿಗೆ ತಾವೇ ಫೋನ್ ಮಾಡತಾರ.

ರಾತ್ರಿ ಉಂಡು ಮಲಗೂ ಮುಂದ ಅವನು ನನ್ನ ಚೀಲದಿಂದ ತಾಳ ತಗದು ಬೆಳಕಿಗೆ ಹಿಡದು ನೋಡಿದ.

“ಅವ ಏನು ಇವು?”

“ಹೂಂ. ಗುಡ್ಡಕ್ಕ ಹೋದಾಗಿನವು.”

ದಾರ ಜಗ್ಗಿ ನೋಡಿದ, ಗಂಟು ಬಿಚ್ಚಿ ಮತ್ತ ಬಿಗಿದು ಕಟ್ಟಿದ. “ಒಂದು ಮಾತು ಕೇಳಿದ್ರ ಸಾಕಿತ್ತು. ನಾವ ಹೂಂ ಅಂತಿದ್ದಿವಿ” ಅಂದ.

“ತಪ್ಪಾತು” ಅಂದೆ. ಅವನು ಲೈಟ್ ಆರಿಸಿದ.

ಮುಂಜಾನೆ ನಾನು ಅವನಿಗೆ ಬಸ್ಸಿನ ಖರ್ಚು ಅಂತ ಹೋಗೂದು ಬರೂದು ಕೂಡಿ 180 ರೂಪಾಯಿ ಎಣಿಸಿ ಕೊಟ್ಟೆ. ಅವನು ಎಣಿಸಿದ. ಎಣಿಸಿ 90 ತಿರುಗಿ ನನ್ನ ಕೈಯಾಗ ಇಟ್ಟ.

“ನನಗ ಅರವತ್ತೇಳು. ಎಸ್.ಟಿ.ಯಾಗ ಅರ್ಧ ಟಿಕೀಟು. ನಿನಗ ಇನ್ನೂ ಪೂರ್ತಿ ಐತಿ” ಅಂದ.

ಹುಡುಗನನ್ನ ಕರದು ಲ್ಯಾಪ್‌ಟಾಪಿನಾಗ ಆ 90 ರೂಪಾಯಿ ಜಮಾ ಬರಸಿದೆ. ಅವನು ಪಕ್ಕಕ್ಕ ನಿಂತು ಬರಿಯೂತನಕ ನೋಡಿ, ಆಮ್ಯಾಲೆ ಬಸ್ಸು ಹತ್ತಿದ.